ವಿಂಡೋಸ್‌ನ ಐಪಿಕಾನ್ಫಿಗ್: '/ಆಲ್' ಹಾಕದಿದ್ದರೆ ಅರ್ಧ ಮಾತು

ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಎಂದು ಹೊಡೆದರೆ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ಗೆ ದಾರಿಯಾಗುವ ರೌಟರ್‌ನ ವಿಳಾಸ) ಸಿಗುತ್ತವೆ. ಪ್ರಿಂಟರ್ ಜೋಡಿಸುವವರಿಗೆ ಅಷ್ಟು ಸಾಕು. ನೆಟ್ ಯಾಕೆ ಬರುತ್ತಿಲ್ಲ ಅಂತ ಹುಡುಕುವವರಿಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. 'ಐಪಿಕಾನ್ಫಿಗ್ /ಆಲ್' ಕೊಟ್ಟಾಗ ಬರುವ ಎರಡು ಮೂರು ಸಾಲುಗಳಿಗಾಗಿಯೇ ಈ ಹಳೇ ಟೂಲನ್ನು ಇಟ್ಟುಕೊಳ್ಳಬೇಕು: ಡಿಎಚ್‌ಸಿಪಿ ಸರ್ವರ್ (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವುದು) ಯಾವುದು, ಲೀಸ್ (ಆ ವಿಳಾಸ ಇಟ್ಟುಕೊಳ್ಳಲು ಕೊಟ್ಟ ಅವಧಿ) ಯಾವಾಗ ಸಿಕ್ಕಿತು, ಯಾವಾಗ ಮುಗಿಯುತ್ತದೆ. ನೋಡ್ ಟೈಪ್, ವಿನ್ಸ್ ಪ್ರಾಕ್ಸಿ ಸಾಲುಗಳನ್ನು ದಾಟಿಕೊಂಡು ಹೋಗಿ, ಮನೆ ನೆಟ್‌ವರ್ಕ್‌ನಲ್ಲಿ ಅವು ಯಾರಿಗೂ ಬೇಡ.

ಡಿಎಚ್‌ಸಿಪಿ ಸರ್ವರ್ ಸಾಲಿನ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲಿ. ಹತ್ತು ಕಂಪ್ಯೂಟರ್ ಇರುವ ಆಫೀಸು, ಏಳರಲ್ಲಿ ನೆಟ್ ಇದೆ, ಮೂರರಲ್ಲಿ ಇಲ್ಲ. ರೀಸ್ಟಾರ್ಟ್ ಮಾಡಿದರೆ ಒಂದೊಂದು ಸಲ ಸರಿಹೋಗುತ್ತದೆ. ಸರಿ ಇರುವುದರಲ್ಲೂ ಕೆಟ್ಟದ್ದರಲ್ಲೂ '/ಆಲ್' ಹೊಡೆದು ಪಕ್ಕಪಕ್ಕ ಇಡಿ. ಒಂದರಲ್ಲಿ ಸರ್ವರ್ 192.168.1.1, ಇನ್ನೊಂದರಲ್ಲಿ 192.168.0.1 ಎಂದಿದ್ದರೆ, ವೈಫೈ ಸಿಗಲಿ ಅಂತ ಯಾರೋ ಹಳೇ ರೌಟರ್ ತಂದು ಅದರ ಲ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿದ್ದಾರೆ. ಎರಡೂ ರೌಟರ್‌ಗಳು ವಿಳಾಸ ಹಂಚುತ್ತಿವೆ, ಮೊದಲು ಉತ್ತರ ಕೊಟ್ಟದ್ದು ಗೆಲ್ಲುತ್ತದೆ. ರೀಸ್ಟಾರ್ಟ್ ಒಂದೊಂದು ಸಲ ಫಲಿಸುವುದು ಇದಕ್ಕೇ.

ಕೆಟ್ಟ ಮಷೀನಿನಲ್ಲಿ 'ಆರ್ಪ್ -ಎ' ಹೊಡೆದು 192.168.0.1ರ ಎದುರಿನ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ನಂಬರ್) ಬರೆದುಕೊಂಡು, ರೌಟರ್‌ಗಳ ತಳದ ಸ್ಟಿಕರ್ ಜೊತೆ ಹೋಲಿಸಿ. ಲ್ಯಾನ್, ವೈಫೈಗಳ ಮ್ಯಾಕ್‌ನಲ್ಲಿ ಕೊನೆಯ ಅಂಕಿ ಒಂದೆರಡು ಆಚೀಚೆ ಇರಬಹುದು, ಅದಕ್ಕೆ ಗಾಬರಿ ಬೇಡ. ಆ ಹಳೇ ರೌಟರ್ ಸಿಕ್ಕ ಮೇಲೆ ಮೊದಲು ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ (ಇದು ಮುಖ್ಯ ರೌಟರ್ ಹಂಚುವ ಪಟ್ಟಿಯಿಂದ ಹೊರಗಿರಬೇಕು), ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಲೆಕೆಳಗಾದರೆ ಆ ರೌಟರ್ ಪೇಜ್ ಮತ್ತೆ ತೆರೆಯಲು ಕೈಯಾರೆ ಐಪಿ ಹಾಕಿಕೊಂಡು ಒದ್ದಾಡಬೇಕಾಗುತ್ತದೆ. ಎರಡೂ ರೌಟರ್ 192.168.1.1 ಆಗಿದ್ದರೆ ಮಾತ್ರ ಐಪಿಕಾನ್ಫಿಗ್ ಕೈಕೊಡುತ್ತದೆ: ಎಲ್ಲ ಮಷೀನಿನಲ್ಲೂ ಸಾಲು ಒಂದೇ ಥರ ಕಾಣುತ್ತದೆ. ಆಗ ಆರ್ಪ್ ತೋರಿಸುವ ಮ್ಯಾಕ್ ಮಷೀನಿನಿಂದ ಮಷೀನಿಗೆ ಬದಲಾಗುತ್ತದೆಯೇ ಎಂಬುದೊಂದೇ ಸುಳಿವು.

169.254ರಿಂದ ಶುರುವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ವಿಂಡೋಸ್ ತಾನೇ ಒಂದು ನಂಬರ್ ಹಾಕಿಕೊಂಡಿದೆ. 'ಮೀಡಿಯಾ ಡಿಸ್‌ಕನೆಕ್ಟೆಡ್' ಬೇರೆಯೇ ಕಥೆ: ಅಲ್ಲಿ ಲಿಂಕೇ ಇಲ್ಲ, ಕೇಬಲ್ ನೋಡಿ. ಕೈಯಾರೆ ಕೊಟ್ಟ ಐಪಿಯ ಪಕ್ಕ 'ಡೂಪ್ಲಿಕೇಟ್' ಎಂದಿದ್ದರೆ ಅದೇ ನಂಬರ್ ಇನ್ನೊಂದು ಸಾಧನದಲ್ಲಿದೆ.

'/ರಿಲೀಸ್' (ಸಿಕ್ಕ ವಿಳಾಸ ಬಿಡಲು) ಮತ್ತು '/ರಿನ್ಯೂ' (ಮತ್ತೆ ಕೇಳಲು) ಕೊಡುವಾಗ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಾಗಬಹುದು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತು '/ರಿಲೀಸ್' ಹೊಡೆದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ, ಮತ್ತೆ ಒಳಗೆ ಬರಲು ಅಲ್ಲಿ ಯಾರಾದರೂ ಇರಬೇಕು. ಅಂಥಲ್ಲಿ ಎರಡನ್ನೂ ನಡುವೆ '&' ಹಾಕಿ ಒಂದೇ ಸಾಲಿನಲ್ಲಿ ಕೊಡುವುದು ಕ್ಷೇಮ. '/ಫ್ಲಷ್‌ಡಿಎನ್‌ಎಸ್' ಬಗ್ಗೆ ಜನರಿಗೆ ಇರುವ ಭಕ್ತಿ ಸ್ವಲ್ಪ ಜಾಸ್ತಿ. ಅದು ಸೈಟ್ ಹೆಸರುಗಳ ಐಪಿಗಳನ್ನು ನೆನಪಿಟ್ಟುಕೊಳ್ಳುವ ವಿಂಡೋಸ್‌ನ ಕ್ಯಾಶ್ ಅನ್ನು ಮಾತ್ರ ತೊಳೆಯುತ್ತದೆ, ಕ್ರೋಮ್ ತನ್ನದೇ ಕ್ಯಾಶ್ ಬೇರೆ ಇಟ್ಟುಕೊಂಡಿರುತ್ತದೆ.

ಈಗ ದೂರು. ವರ್ಚುವಲ್‌ಬಾಕ್ಸ್, ಡಬ್ಲ್ಯೂಎಸ್‌ಎಲ್, ವಿಪಿಎನ್ ಥರದ, ತಮ್ಮದೇ ವರ್ಚುವಲ್ ನೆಟ್‌ವರ್ಕ್ ಸೇರಿಸುವ ಸಾಫ್ಟ್‌ವೇರ್ ಎಲ್ಲ ಇರುವ ಲ್ಯಾಪ್‌ಟಾಪ್‌ನಲ್ಲಿ '/ಆಲ್' ಎರಡು ಪರದೆ ಉದ್ದ ಬರುತ್ತದೆ. 'ಐಪಿವಿ4 ಓದಿ' ಎಂದು ಫೋನಿನಲ್ಲಿ ಕೇಳಿದರೆ ಆ ಕಡೆಯವರು ಮೊದಲು ಕಣ್ಣಿಗೆ ಬಿದ್ದ 192.168.56.1 ಓದುತ್ತಾರೆ, ಅದು ವರ್ಚುವಲ್‌ಬಾಕ್ಸ್‌ನದು. ಹಾಗಾಗಿ 'ಡೀಫಾಲ್ಟ್ ಗೇಟ್‌ವೇ ಎದುರು ನಂಬರ್ ಇರುವ ಭಾಗ ಓದಿ' ಅಂತಲೇ ಕೇಳಬೇಕು. ವೈಫೈ ಮತ್ತು ಕೇಬಲ್ ಎರಡಕ್ಕೂ ಗೇಟ್‌ವೇ ಇದ್ದರೆ ದಟ್ಟಣೆ ಯಾವುದರಲ್ಲಿ ಹೋಗುತ್ತದೆ ಎಂದು ಐಪಿಕಾನ್ಫಿಗ್ ಹೇಳುವುದಿಲ್ಲ. 'ರೌಟ್ ಪ್ರಿಂಟ್' ಕೊಟ್ಟು, 0.0.0.0 ಸಾಲುಗಳಲ್ಲಿ ಮೆಟ್ರಿಕ್ (ದಾರಿಯ ಆದ್ಯತೆಯ ಅಂಕಿ) ಕಡಿಮೆ ಇರುವುದನ್ನು ನೋಡಬೇಕು. ವೈಫೈ ಹೆಸರಾಗಲಿ ಸಿಗ್ನಲ್ ಆಗಲಿ ಇಲ್ಲಿ ಇಲ್ಲ. ಅದಕ್ಕೆ 'ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಷೋ ಇಂಟರ್‌ಫೇಸಸ್', ಆದರೆ ವಿಂಡೋಸ್ 11ರ 24ಎಚ್2ನಲ್ಲಿ ಲೊಕೇಷನ್ ಅನುಮತಿ ಇಲ್ಲದಿದ್ದರೆ ಅದೂ ಬಾಯಿ ಬಿಡುವುದಿಲ್ಲ.

ಸ್ಕ್ರಿಪ್ಟ್ ಬರೆಯುವವರು ಪವರ್‌ಶೆಲ್‌ನ 'ಗೆಟ್-ನೆಟ್‌ಐಪಿಕಾನ್ಫಿಗರೇಷನ್' ಹಿಡಿಯಲಿ, ಚಿಕ್ಕ ಹೆಸರು 'ಜಿಐಪಿ'. ಐಪಿಕಾನ್ಫಿಗ್‌ನ ಅಕ್ಷರಗಳನ್ನು 'ಫೈಂಡ್‌ಸ್ಟ್ರ್' ಹಾಕಿ ಹೆಕ್ಕುವ ಸ್ಕ್ರಿಪ್ಟು ಜರ್ಮನ್ ವಿಂಡೋಸ್‌ನಲ್ಲಿ ಮುಗ್ಗರಿಸುತ್ತದೆ, ಲೇಬಲ್‌ಗಳೇ ಜರ್ಮನ್‌ನಲ್ಲಿರುತ್ತವೆ. ಜಿಐಪಿ ನೆಟ್‌ವರ್ಕ್ ಹೆಸರನ್ನೂ ಕೊಡುತ್ತದೆ, ಆದರೆ ಲೀಸ್ ಸಮಯ ಕೊಡುವುದಿಲ್ಲ.

ಇನ್ನೊಂದು ಮಾತು, ಆಫೀಸ್ ವೈಫೈಗೆ ಮ್ಯಾಕ್ ನೋಂದಾಯಿಸುವವರಿಗೆ. '/ಆಲ್' ತೋರಿಸುವ ಫಿಸಿಕಲ್ ಅಡ್ರೆಸ್‌ನ (ಅದೇ ಮ್ಯಾಕ್) ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ, ವೈಫೈ ಸೆಟ್ಟಿಂಗ್ಸ್‌ನಲ್ಲಿ ರಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆನ್ ಇದೆಯೇ ನೋಡಿ. ಇದ್ದರೆ ಆಫ್ ಮಾಡಿ, ಮತ್ತೆ ಕನೆಕ್ಟ್ ಆಗಿ, ಆಮೇಲೆ ಬಂದ ನಂಬರ್ ಕೊಡಿ.