ಟರ್ಕಿ ಬೇಟೆಯ ಕೋವಿಗೆ ಯಾವ ರೆಡ್ ಡಾಟ್? ಐದು ಸೈಟುಗಳ ಹೋಲಿಕೆ

ಕಾಡು ಟರ್ಕಿಯ ಮೈಗೆ ಬಲ್ಲವರು ಗುರಿ ಇಡುವುದಿಲ್ಲ. ಗರಿಯೂ ದಪ್ಪ, ಎದೆಮಾಂಸವೂ ದಪ್ಪ. ಅಲ್ಲಿ ಚರೆ ಬಿದ್ದರೆ ಹಕ್ಕಿ ಗಾಯಗೊಂಡು ಪೊದೆ ಸೇರುತ್ತದೆ, ಆಮೇಲೆ ಕೈಗೆ ಸಿಗುವುದಿಲ್ಲ. ಗುರಿ ಏನಿದ್ದರೂ ತಲೆ, ಕುತ್ತಿಗೆಗೆ. ಅದಕ್ಕೇ ಅಮೆರಿಕದಲ್ಲಿ ವಸಂತದ ಟರ್ಕಿ ಸೀಸನ್ ಬಂತೆಂದರೆ ಕೋವಿಗೆ ಅತಿ ಬಿಗಿಯಾದ ಚೋಕ್ (ಚರೆ ಚದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸುವ ಕೊಳವೆ) ಹಾಕುತ್ತಾರೆ. ಟಿಎಸ್‌ಎಸ್ ಎಂಬ ಟಂಗ್‌ಸ್ಟನ್ ಚರೆ ಬಂದ ಮೇಲೆ ಈ ಬಿಗಿ ಇನ್ನೂ ಹೆಚ್ಚಿದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಟಿಎಸ್‌ಎಸ್‌ನದು ಸುಮಾರು 18. ಹಾಗಾಗಿ 9ನೇ ನಂಬರಿನ ಪುಟ್ಟ ಚರೆಯೂ 40 ಗಜದಲ್ಲಿ ಸಾಕಷ್ಟು ಬಿರುಸಾಗಿರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಹತ್ತಿರದ ಹೊಡೆತದಲ್ಲಿ: 15 ಗಜಕ್ಕೆ ಬಂದ ಹಕ್ಕಿಯತ್ತ ಇಡೀ ಚರೆ ಒಂದು ಮುಷ್ಟಿಯಷ್ಟು ಅಗಲದಲ್ಲೇ ಹೋಗುತ್ತದೆ. ಮೂರು ಇಂಚು ಆಚೀಚೆಯಾದರೆ ಹೊಡೆತ ಖಾಲಿ.

ನಳಿಗೆ ತುದಿಯ ಮಣಿಯನ್ನಷ್ಟೇ ನಂಬಿದರೆ ಆಗುವ ಎಡವಟ್ಟು ಇಲ್ಲಿಯೇ. ಹಕ್ಕಿಯನ್ನು ಸರಿಯಾಗಿ ನೋಡುವ ಆಸೆಗೆ ಕೆನ್ನೆ ಸ್ಟಾಕ್ (ಭುಜಕ್ಕೆ ಒತ್ತುವ ಹಿಂಭಾಗ) ಬಿಟ್ಟು ಮೇಲೇಳುತ್ತದೆ, ಚರೆ ತಲೆಯ ಮೇಲಿಂದ ಹಾರಿಹೋಗುತ್ತದೆ. ಇನ್ನೊಂದು ವಿಷಯ, ಎಷ್ಟೋ ಕೋವಿಗಳು ಮಣಿ ತೋರಿಸಿದ ಕಡೆಗೆ ಹೊಡೆಯುವುದೇ ಇಲ್ಲ. ಮಣಿಯನ್ನು ತಿರುಗಿಸಿ ಸರಿಮಾಡಲು ಬರುವುದಿಲ್ಲ. ರೆಡ್ ಡಾಟ್ ಎಂದರೆ ಗಾಜಿನಲ್ಲಿ ಹೊಳೆಯುವ ಚುಕ್ಕೆ ತೋರಿಸುವ ಸೈಟು, ಆ ಚುಕ್ಕೆಯನ್ನು ಸರಿಸಬಹುದು.

ಹೋಲಿಕೆಗೆ ಇಟ್ಟುಕೊಂಡದ್ದು ಬರಿಸ್ ಫಾಸ್ಟ್‌ಫೈರ್ 3, ವೋರ್ಟೆಕ್ಸ್ ವೆನಮ್, ಹೋಲೋಸನ್ 507ಕೆ, ಸಿಗ್ ರೋಮಿಯೋ5 ಮತ್ತು ಏಮ್‌ಪಾಯಿಂಟ್ ಆಕ್ರೋ ಪಿ-2. ಮೊದಲ ಎರಡು 200ರಿಂದ 250 ಡಾಲರ್ ಆಸುಪಾಸಿನವು, 507ಕೆ ಸುಮಾರು 300, ಆಕ್ರೋ ಅದರ ಎರಡು ಪಟ್ಟು. ರೋಮಿಯೋ5 ಈ ಸಾಲಿನ ಅಗ್ಗದ ಮಾಲು. (ಎಚ್-1ಬಿಯಂಥ ವೀಸಾದಲ್ಲಿರುವ ನಮ್ಮವರು ಸೈಟಿಗೆ ದುಡ್ಡು ಹಾಕುವ ಮೊದಲು ಒಂದು ಮಾತು: ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಂಥವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಮೊದಲು, ಕೋವಿ ಆಮೇಲೆ.)

ಎತ್ತರವೇ ಅರ್ಧ ಉತ್ತರ

ಗಾಜು, ಬ್ಯಾಟರಿ, ಹೆಸರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸೈಟು ನಳಿಗೆಯಿಂದ ಎಷ್ಟು ಮೇಲೆ ಕೂರುತ್ತದೆ ಎಂಬುದು. ಕೋವಿಯ ಸ್ಟಾಕ್ ಮಾಡಿರುವುದು ಮಣಿ ನೋಡುವ ಕಣ್ಣಿಗೆ. ಸೈಟು ಎತ್ತರದಲ್ಲಿದ್ದರೆ ಕೆನ್ನೆ ತೇಲುತ್ತದೆ, ಚುಕ್ಕೆ ಕಾಣದೆ ತಲೆ ಆಡಿಸುತ್ತಾ ಹುಡುಕಬೇಕಾಗುತ್ತದೆ. ಅಷ್ಟು ಅಲುಗಾಡಿದರೆ ಟರ್ಕಿ ಕಾಯುತ್ತಾ ನಿಲ್ಲುವುದಿಲ್ಲ.

ಹತ್ತಿರದ ಹೊಡೆತದ ಲೆಕ್ಕವೂ ಎತ್ತರದ ಮೇಲೆಯೇ ನಿಂತಿದೆ. ಚುಕ್ಕೆ ನಳಿಗೆಯ ನಡುವಿನಿಂದ ಎರಡು ಇಂಚು ಮೇಲಿದ್ದು 40 ಗಜಕ್ಕೆ ಜೀರೋ ಮಾಡಿದ್ದರೆ (ಅಂದರೆ ಆ ದೂರದಲ್ಲಿ ಚುಕ್ಕೆ ಇಟ್ಟಲ್ಲೇ ಚರೆ ಬೀಳುವಂತೆ ಹೊಂದಿಸಿದ್ದರೆ), 10 ಗಜದಲ್ಲಿ ಚರೆ ಚುಕ್ಕೆಗಿಂತ ಸುಮಾರು ಒಂದು ಇಂಚು ಕೆಳಗೆ ಬೀಳುತ್ತದೆ. ಒಂದೇ ಇಂಚು ಎತ್ತರವಿದ್ದರೆ ಈ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಎತ್ತರದ ಸೈಟು ಹಾಕಿದವರು ತೀರಾ ಹತ್ತಿರದ ಹಕ್ಕಿಗೆ ಚುಕ್ಕೆಯನ್ನು ಕುತ್ತಿಗೆಯ ನಡುವಿಗಲ್ಲ, ತಲೆಯ ಬುಡಕ್ಕೆ ಇಡುವ ಅಭ್ಯಾಸ ಮಾಡಿಕೊಳ್ಳಬೇಕು.

ಇದರಲ್ಲಿ 507ಕೆ ಎಲ್ಲರಿಗಿಂತ ಮುಂದೆ. ಮಾಸ್‌ಬರ್ಗ್ 940 ಪ್ರೊ ಟರ್ಕಿಯಂಥ ಕೋವಿಗಳ ರಿಸೀವರಿನಲ್ಲೇ (ಬೋಲ್ಟ್ ಇರುವ ನಡುಭಾಗ) ಶೀಲ್ಡ್ ಆರ್‌ಎಂಎಸ್‌ಸಿ ಎಂಬ ಪುಟ್ಟ ಸೈಟಿನ ಅಳತೆಯ ಗುಣಿ ಕೊರೆದಿರುತ್ತದೆ, ಸಣ್ಣ ಸೈಟು ಅದರೊಳಗೆ ತಗ್ಗಿ ಕೂರುತ್ತದೆ. ಆದರೆ ‘ಕೆ’ ಸರಣಿಯ ತಳ ಆರ್‌ಎಂಎಸ್‌ಸಿಗೆ ಯಥಾವತ್ ಹೊಂದುವುದಿಲ್ಲ. ಗುಣಿಯ ಹಿಂಭಾಗದಲ್ಲಿ ಎರಡು ಮೊಳೆಗಳಿದ್ದರೆ ಸೈಟು ಅವುಗಳ ಮೇಲೆ ಕೂತು ಅಲ್ಲಾಡುತ್ತದೆ. ಹಣ ಕೊಡುವ ಮೊದಲು ಕೋವಿಯ ಗುಣಿಯನ್ನು ಬೆರಳಿಟ್ಟು ನೋಡಿ.

ಫಾಸ್ಟ್‌ಫೈರ್ ಮತ್ತು ವೆನಮ್ ಎರಡಕ್ಕೂ ತಳದ ಅಳತೆ ಒಂದೇ, ಡಾಕ್ಟರ್ (Docter) ಎಂಬ ಕಂಪನಿಯ ಸೈಟಿನ ಮಾದರಿಯದು. ಒಂದಕ್ಕೆ ಕೊಂಡ ಪ್ಲೇಟು (ಸೈಟು ಕೂರಿಸುವ ತಟ್ಟೆ) ಇನ್ನೊಂದಕ್ಕೂ ಆಗುತ್ತದೆ. ನಳಿಗೆಯ ಮೇಲಿನ ಉದ್ದ ಪಟ್ಟಿಯಾದ ರಿಬ್ಬಿಗೇ ಕಚ್ಚಿ ಕೂರುವ ತಗ್ಗಿನ ಮೌಂಟುಗಳೂ ಇವಕ್ಕೆ ಸಿಗುತ್ತವೆ. ಮಾಸ್‌ಬರ್ಗ್ 500, 835ರ ರಿಸೀವರಿನಲ್ಲಿ ರೇಲ್ (ಸೈಟು ಕಚ್ಚಿಸುವ ಲೋಹದ ಪಟ್ಟಿ) ಕೂರಿಸಲು ಮೊದಲೇ ತೂತುಗಳಿರುತ್ತವೆ. ರೆಮಿಂಗ್‌ಟನ್ 870ರಲ್ಲಿ ಹೆಚ್ಚಿನವಕ್ಕೆ ಇಲ್ಲ. ಗನ್‌ಸ್ಮಿತ್ ಹತ್ತಿರ ತೂತು ಹಾಕಿಸಬೇಕು, ಇಲ್ಲವೇ ರಿಸೀವರಿನ ಮೇಲೆ ಜೀನಿನಂತೆ ಕೂರುವ ಸ್ಯಾಡಲ್ ಮೌಂಟ್ ಹಾಕಬೇಕು. ಸ್ಯಾಡಲ್ ಹಾಕಿದ ಕೋವಿ ಎತ್ತರದಲ್ಲಿ ಸೋಲುತ್ತದೆ. ಅದಕ್ಕೆ ಸ್ಟಾಕಿನ ಮೇಲೊಂದು ಕೆನ್ನೆದಿಂಬು ಕಟ್ಟದೆ ವಿಧಿಯಿಲ್ಲ.

ರೋಮಿಯೋ5 ಡಬ್ಬಿಯಲ್ಲಿ ಎರಡು ಮೌಂಟುಗಳಿರುತ್ತವೆ. ಎತ್ತರದ್ದು ಎಆರ್ ರೈಫಲಿನದು, ಕೋವಿಗೆ ತಗ್ಗಿನದನ್ನೇ ಹಾಕಬೇಕು. ಹಾಗೆ ಹಾಕಿದರೂ ರೇಲಿನ ಮೇಲೆ ಅದು 507ಕೆಗಿಂತ ಎತ್ತರವೇ. ಆಕ್ರೋಗೆ ಅದರದೇ ಅಚ್ಚಿನ ಪ್ಲೇಟು ಬೇಕು.

ಸರಿಯಾಗಿ ಕೂತಿದೆಯೇ ಎಂದು ನೋಡುವ ದಾರಿ ಸುಲಭ. ಕೋವಿ ಖಾಲಿಯಿದೆ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಇಟ್ಟು ಕಣ್ಣು ತೆರೆಯಿರಿ. ಚುಕ್ಕೆ ಗಾಜಿನ ನಡುವೆಯೇ ಇರಬೇಕು. ಕೈಲ್‌ಪೊಳ್ದಿನಲ್ಲಿ ಮಣಿ ನೋಡಿಯೇ ತೆಂಗಿನಕಾಯಿ ಒಡೆದ ಕೊಡಗಿನ ಕೈಗಳಿಗೂ ಈ ಅಭ್ಯಾಸಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ, ಯಾಕೆಂದರೆ ಇಲ್ಲಿ ಎರಡು ಕಣ್ಣೂ ತೆರೆದಿರಬೇಕು, ನೋಟ ಹಕ್ಕಿಯ ಮೇಲಿರಬೇಕು, ಚುಕ್ಕೆಯ ಮೇಲಲ್ಲ.

ಚುಕ್ಕೆಯ ಗಾತ್ರ

ಚುಕ್ಕೆಯ ಗಾತ್ರ ಹೇಳುವ ಎಂಒಎ ಎಂಬುದು ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಭಾಗ. ಒಂದು ಎಂಒಎ ಎಂದರೆ 40 ಗಜದಲ್ಲಿ 0.42 ಇಂಚು. ಫಾಸ್ಟ್‌ಫೈರ್ 3ರಲ್ಲಿ 3 ಅಥವಾ 8 ಎಂಒಎ ಚುಕ್ಕೆ ಸಿಗುತ್ತದೆ, ವೆನಮ್‌ನಲ್ಲಿ 3 ಅಥವಾ 6. ರೋಮಿಯೋ5ರದು 2, ಆಕ್ರೋದ್ದು 3.5. ಎಂಟರ ಚುಕ್ಕೆ 40 ಗಜದಲ್ಲಿ ಮೂರು ಇಂಚಿಗೂ ಮಿಕ್ಕಿ ಹರಡಿ ತಲೆಯನ್ನೇ ಮುಚ್ಚಿಬಿಡುತ್ತದೆ. ಎರಡರ ಚುಕ್ಕೆ ಬೆಳಗಿನ ಒಣ ಎಲೆ, ರೆಂಬೆಗಳ ನಡುವೆ ಕಳೆದುಹೋಗುತ್ತದೆ. ಕಾಣಲಿ ಎಂದು ಬೆಳಕು ಏರಿಸಿದರೆ ಹೂವಿನಂತೆ ಅರಳಿ ಅದೂ ದೊಡ್ಡದೇ ಆಗುತ್ತದೆ. ಬರೀ ಚುಕ್ಕೆ ಸಾಕೆನ್ನುವವರಿಗೆ 3ರಿಂದ 6ರ ನಡುವಿನದು ಸರಿ.

507ಕೆಯಲ್ಲಿ 2 ಎಂಒಎ ಚುಕ್ಕೆಯ ಸುತ್ತ 32 ಎಂಒಎ ಉಂಗುರವೂ ಇದೆ. ಚುಕ್ಕೆ ಮಾತ್ರ, ಉಂಗುರ ಮಾತ್ರ, ಎರಡೂ ಒಟ್ಟಿಗೆ, ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ಆ ಉಂಗುರ 30 ಗಜದಲ್ಲಿ ಸರಿಯಾಗಿ 10 ಇಂಚು. ಪ್ಯಾಟರ್ನ್ (ಚರೆ ಹರಡುವ ರೀತಿ) ನೋಡುವಾಗ ಕಾಗದದ ಮೇಲೆ ಎಳೆಯುವ ವೃತ್ತವೂ 10 ಇಂಚಿನದೇ. ಮಬ್ಬಿನಲ್ಲಿ ಕಣ್ಣು ಉಂಗುರವನ್ನು ಬೇಗ ಹಿಡಿಯುತ್ತದೆ, ತಲೆ ಅದರೊಳಗೆ ಮುಚ್ಚದೆ ಕಾಣುತ್ತದೆ. ಟರ್ಕಿಗೆ ನಮ್ಮ ಮತ ಇದಕ್ಕೇ. ಉಂಗುರದೊಳಗೆಲ್ಲ ಚರೆ ತುಂಬಿರುತ್ತದೆ ಎಂದು ಮಾತ್ರ ಭಾವಿಸಬಾರದು. 15 ಗಜದಲ್ಲಿ ಚರೆಯ ಗುಂಪು ಉಂಗುರಕ್ಕಿಂತ ಚಿಕ್ಕದಾಗಿಯೂ ಇರಬಹುದು.

ಚುಕ್ಕೆ ದುಂಡಗೆ ಕಾಣದೆ ಬಾಲ ಬಂದಂತೆ, ಎರಡಾದಂತೆ ಕಂಡರೆ ಸೈಟು ವಾಪಸ್ ಮಾಡುವ ಮೊದಲು ಫೋನಿನ ಕ್ಯಾಮೆರಾದಿಂದ ಅದರೊಳಗೆ ನೋಡಿ. ಫೋನಿನಲ್ಲಿ ದುಂಡಗಿದ್ದರೆ ದೋಷ ನಿಮ್ಮ ಕಣ್ಣಿನ ಅಸ್ಟಿಗ್ಮಾಟಿಸಂನದು. ಕನ್ನಡಕ ಹಾಕಿಕೊಂಡು ನೋಡಿದರೆ ಬಹಳಷ್ಟು ಸರಿಹೋಗುತ್ತದೆ. ಗಾಜಿನಲ್ಲೇ ಗೆರೆ ಕೊರೆದ ಪ್ರಿಸಂ ಸೈಟು ಇನ್ನೊಂದು ದಾರಿ, ಆದರೆ ಅದಕ್ಕೆ ಕಣ್ಣು ನಿಗದಿತ ದೂರದಲ್ಲೇ ಇರಬೇಕು.

ಬೆಳಕು, ಬ್ಯಾಟರಿ, ಮಳೆ

ತಾನೇ ಬೆಳಕು ಹೊಂದಿಸಿಕೊಳ್ಳುವ ಆಟೋ ಮೋಡ್ ಟರ್ಕಿ ಬೇಟೆಗೆ ಒಗ್ಗುವುದಿಲ್ಲ. ನೀವು ಮರದ ಬುಡದ ನೆರಳಿನಲ್ಲಿ ಕೂತಿರುತ್ತೀರಿ, ಹಕ್ಕಿ ಬಿಸಿಲಿನ ಬಯಲಲ್ಲಿರುತ್ತದೆ. ಸೆನ್ಸರ್ ನೆರಳನ್ನು ಅಳೆದು ಚುಕ್ಕೆ ತಗ್ಗಿಸುತ್ತದೆ, ಬಿಸಿಲಿನ ಹಿನ್ನೆಲೆಯಲ್ಲಿ ಅದು ಮಾಯ. ಫಾಸ್ಟ್‌ಫೈರ್, ವೆನಮ್ ಎರಡರಲ್ಲೂ ಕೈಯಿಂದ ಹೊಂದಿಸುವ ಸೌಲಭ್ಯವಿದೆ, ಅದನ್ನೇ ಬಳಸಿ.

ಈ ಎರಡಕ್ಕೂ ಸಿಆರ್ 1632 ಸೆಲ್ ಮೇಲಿನಿಂದ ಹಾಕುವುದು, ಹಾಗಾಗಿ ಸೆಲ್ ಬದಲಿಸಿದರೆ ಜೀರೋ ಕೆಡುವುದಿಲ್ಲ. ಫಾಸ್ಟ್‌ಫೈರ್ 8 ಗಂಟೆಗೆ, ವೆನಮ್ 14 ಗಂಟೆಗೆ ತಾನಾಗಿಯೇ ಆರುತ್ತವೆ. ಬೆಳಗ್ಗೆ ಹೊತ್ತಿಸುವುದು ನಿಮ್ಮ ನೆನಪಿಗೆ ಬಿಟ್ಟದ್ದು. 507ಕೆ, ರೋಮಿಯೋ5 ಅಲುಗಿದೊಡನೆ ತಾವೇ ಎಚ್ಚರವಾಗುತ್ತವೆ. ಆಕ್ರೋವನ್ನು ಆರಿಸುವ ಗೋಜೇ ಇಲ್ಲ, ಒಂದು ಸಿಆರ್ 2032 ಸೆಲ್ಲಿಗೆ 50,000 ಗಂಟೆ ಎನ್ನುತ್ತದೆ ಕಂಪನಿ.

ಮಳೆಗೆ ಆಕ್ರೋ ಒಂದೇ ನಿಶ್ಚಿಂತೆ, ರೋಮಿಯೋ5 ಅದರ ಹಿಂದೆ. ಎರಡರಲ್ಲೂ ದೀಪ ಗಾಜುಗಳ ಒಳಗೆ ಮುಚ್ಚಿದೆ. ಉಳಿದ ಮೂರರಲ್ಲಿ ದೀಪ ತೆರೆದೇ ಇರುತ್ತದೆ. ಒಂದು ಹನಿ ಇಬ್ಬನಿ ಅದರ ಮೇಲೆ ಕೂತರೆ ಚುಕ್ಕೆ ನಕ್ಷತ್ರವಾಗುತ್ತದೆ, ಪೈನ್ ಎಲೆಯ ಚೂರು ಬಿದ್ದರೆ ಇಲ್ಲವೇ ಇಲ್ಲ. ನಡೆಯುವಾಗ ರಬ್ಬರ್ ಮುಚ್ಚಳ ಹಾಕಿಟ್ಟರೆ ಸಾಕು. ಮಳೆ ಹೆಚ್ಚಿರುವ ಕಡೆ ಬೇಟೆಯಾಡದವರಿಗೆ ಆಕ್ರೋದ ಬೆಲೆ ದಂಡ ಎಂದೇ ನಮ್ಮ ಅಭಿಪ್ರಾಯ.

ಸ್ಕ್ರೂ ಮತ್ತು ಜೀರೋ

12 ಗೇಜಿನ ಮೂರೂವರೆ ಇಂಚಿನ ತೋಟೆಯ ಒದೆತಕ್ಕೆ ಮೊದಲು ಸೋಲುವುದು ಗಾಜಲ್ಲ, ಸ್ಕ್ರೂ. ರಂಧ್ರ, ಸ್ಕ್ರೂ ಎರಡನ್ನೂ ಆಲ್ಕೋಹಾಲಿನಿಂದ ಒರೆಸಿ ಎಣ್ಣೆ ತೆಗೆಯಿರಿ. ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಸಣ್ಣ ತೊಟ್ಟು ಸಾಕು, ಹೆಚ್ಚಾದರೆ ಹರಿದು ಸೈಟಿನ ಅಡಿ ಸೇರುತ್ತದೆ. ಸೈಟಿನ ಪುಟ್ಟ ಸ್ಕ್ರೂಗಳಿಗೆ ಸಾಮಾನ್ಯವಾಗಿ 10ರಿಂದ 15 ಇಂಚ್-ಪೌಂಡ್ ಬಿಗಿ, ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಅಂದಾಜಿನ ಮೇಲೆ ತಿರುಗಿಸಿದರೆ ಸ್ಕ್ರೂವಿನ ತಲೆ ಮುರಿಯುತ್ತದೆ. ರಿಸೀವರಿನ ಮೇಲೆ ರೇಲ್ ಹಾಕಿದ್ದರೆ ಖಾಲಿ ಕೋವಿಯ ಬೋಲ್ಟ್ ಹಿಂದೆ ಮುಂದೆ ಆಡಿಸಿ ನೋಡಿ. ಉದ್ದದ ಸ್ಕ್ರೂ ಒಳಗೆ ತೂರಿದ್ದರೆ ಬೋಲ್ಟಿಗೆ ಉಜ್ಜುತ್ತದೆ. ಕೊನೆಗೆ ಸ್ಕ್ರೂ ತಲೆಯಿಂದ ಮೌಂಟಿಗೆ ಪೇಂಟ್ ಪೆನ್ನಿನ ಒಂದು ಗೆರೆ ಎಳೆದರೆ, ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ.

ಜೀರೋ ಮಾಡುವಾಗ ದುಬಾರಿ ಟಿಎಸ್‌ಎಸ್ ಸುಡುತ್ತಾ ಶುರುಮಾಡಬೇಡಿ. ಮರಳುಚೀಲದ ಮೇಲೆ ಕೋವಿ ಇಟ್ಟು, 20 ಗಜದಲ್ಲಿ ದೊಡ್ಡ ಕಾಗದ ಕಟ್ಟಿ, ಅದೇ ಚೋಕಿನಲ್ಲಿ ಅಗ್ಗದ ಹಗುರ ತೋಟೆ ಹೊಡೆದು ಚರೆಯನ್ನು ಕಾಗದದೊಳಗೆ ತನ್ನಿ. ಆಮೇಲೆ 40 ಗಜಕ್ಕೆ ಹೋಗಿ ಬೇಟೆಯ ತೋಟೆಯನ್ನೇ ಹಾಕಿ. ನೋಡಬೇಕಾದದ್ದು ಗುಂಪಿನ ನಡು, ಅಂಚಿನಲ್ಲಿ ಚದುರಿದ ಚರೆಯಲ್ಲ. ನಡು ಐದು ಇಂಚು ಎಡಕ್ಕಿದ್ದರೆ, ಒಂದು ಕ್ಲಿಕ್ಕಿಗೆ 1 ಎಂಒಎ ಸರಿಯುವ ಸೈಟಿನಲ್ಲಿ 12 ಕ್ಲಿಕ್ ಬಲಕ್ಕೆ. ಒಂದೇ ಹೊಡೆತ ನೋಡಿ ತಿರುಗಿಸಬೇಡಿ, ಮೂರರ ಸರಾಸರಿ ನೋಡಿ. 10 ಇಂಚಿನ ವೃತ್ತದಲ್ಲಿ 100 ಚರೆ ಬೀಳುವಷ್ಟು ದೂರವೇ ಆ ಕೋವಿಯ ಮಿತಿ ಎನ್ನುವುದು ಬೇಟೆಗಾರರ ರೂಢಿಯ ಲೆಕ್ಕ. ಅದಾದ ಮೇಲೆ 10 ಗಜದಲ್ಲೂ ಒಂದು ಹೊಡೆದು, ಎಷ್ಟು ಕೆಳಗೆ ಬಿತ್ತು ಎಂದು ಸ್ಟಾಕಿಗೆ ಅಂಟಿಸಿದ ಟೇಪಿನ ಮೇಲೆ ಬರೆದಿಡಿ.

ತೋಟೆಯ ಬ್ರಾಂಡ್ ಬದಲಾದರೆ ಈ ಕೆಲಸ ಮತ್ತೆ ಮೊದಲಿನಿಂದ. ಚೋಕ್ ಬದಲಾದರೂ ಅಷ್ಟೇ.