ತೊಟ್ಟಿಮನೆಯಲ್ಲಿ ಮದುವೆಯೇ? ಅಡ್ವಾನ್ಸ್ ಕೊಡುವ ಮೊದಲು ಇಷ್ಟು ನೋಡಿ

ನಡುವೆ ಬಯಲು ಅಂಗಳ (ತೊಟ್ಟಿ) ಇರುವ ಹಳೇ ತೊಟ್ಟಿಮನೆಗಳನ್ನು ಮದುವೆಗೆ ಬಾಡಿಗೆ ಕೊಡುವುದು ಮೈಸೂರು, ಮಲೆನಾಡಿನ ಕಡೆ ಈಗ ರೂಢಿಯಾಗಿದೆ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಮಳೆಗಾಲದ ಒಂದು ಮದುವೆಯಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಮಳೆಗೆ ಹೆದರಿ ತೊಟ್ಟಿಯ ಮೇಲೆ ಸೂರಿನಿಂದ ಸೂರಿಗೆ ಟಾರ್ಪಾಲು ಎಳೆದು, ಕೆಳಗೆ ಬಿಳಿ ಬಟ್ಟೆಯ ಸೀಲಿಂಗ್ ಕಟ್ಟಿದ್ದರು. ಲಾಜಾಹೋಮ ಶುರುವಾದ ಮೇಲೆ ಹೊಗೆಗೆ ದಾರಿಯೇ ಇಲ್ಲ. ಕೆಮ್ಮುತ್ತಾ ಎದ್ದ ಜನ ತಲೆಬಾಗಿಲಿಗೆ ನುಗ್ಗಿದರು. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ, ಹಿತ್ತಿಲ ಬಾಗಿಲಿಗೆ ಬೀಗ. ಅಷ್ಟರಲ್ಲಿ ಟಾರ್ಪಾಲಿನಲ್ಲಿ ತುಂಬಿದ್ದ ನೀರು ಹಗ್ಗ ಕಿತ್ತುಕೊಂಡು ಮಂಟಪದ ಮೇಲೇ ಸುರಿಯಿತು.

ತೊಟ್ಟಿ ಬಯಲಾಗಿರುವುದೇ ಹೊಗೆ ಮೇಲೆ ಹೋಗಲಿ, ನಾಲ್ಕೂ ಸೂರಿನ ನೀರು ಕೆಳಗೆ ಇಳಿಯಲಿ ಅಂತ. ಮುಚ್ಚಲೇಬೇಕಾದರೆ ನೆಲದಿಂದ ಎದ್ದ ಕಬ್ಬಿಣದ ಫ್ರೇಮಿನ ಮೇಲೆ, ಸೂರಿಗಿಂತ 3-4 ಅಡಿ ಎತ್ತರದಲ್ಲಿ, ಒಂದು ಕಡೆಗೆ ಇಳಿಜಾರಾಗಿ ಶೀಟು ಹಾಕಿಸಿ. ಹೆಂಚಿನ ಮೇಲೆ ಭಾರ ಬೀಳಕೂಡದು. ಹೋಮದ ನೆತ್ತಿಗೆ ಬಟ್ಟೆ ಬೇಡವೇ ಬೇಡ. ಪಾಲಿಯೆಸ್ಟರ್ ಹೊತ್ತಿಕೊಂಡರೆ ಕರಗಿ ಮೈಮೇಲೆ ತೊಟ್ಟಿಕ್ಕುತ್ತದೆ. ತೊಟ್ಟಿಯ ಮೋರಿ ಕಿಂಡಿಗೆ ನಾಲ್ಕು ಬಿಂದಿಗೆ ನೀರು ಸುರಿದು ಹರಿಯುತ್ತದೆಯೇ ನೋಡಿ, ಅದರ ಮೇಲೆ ಕಾರ್ಪೆಟ್ ಹಾಸಲು ಬಿಡಬೇಡಿ.

ಹೋಮಕುಂಡವನ್ನು ರೆಡ್ ಆಕ್ಸೈಡ್ ನೆಲದ ಮೇಲೆ ನೇರ ಇಟ್ಟರೆ ಬಿಸಿಗೆ ನೆಲ ಬಿರಿದು ಚಕ್ಕೆ ಏಳುತ್ತದೆ. ಆ ಮದುವೆಯಲ್ಲಿ ಇದೇ ನೆಪಕ್ಕೆ ಮನೆ ಮಾಲೀಕರು ಪೂರ್ತಿ ಡಿಪಾಸಿಟ್ ಹಿಡಿದುಕೊಂಡರು. ಎರಡು ವರಸೆ ಇಟ್ಟಿಗೆ, ಅದರ ಮೇಲೆ 2 ಅಂಗುಲ ಮರಳು, ಆಮೇಲೆ ಕುಂಡ.

ಮಹಡಿಯಲ್ಲಿ ಊಟದ ಪಂಕ್ತಿ ಹಾಕುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ. ಮಹಡಿ ಹೊತ್ತ ತೊಲೆಯ ನಡುಭಾಗ ಗಟ್ಟಿಯಾಗಿಯೇ ಕಾಣುತ್ತದೆ. ಗೆದ್ದಲು ಹಿಡಿಯುವುದು ಗೋಡೆಯೊಳಗೆ ಸೇರಿದ ತುದಿಗೆ, ತೇವ ಇರುವುದು ಅಲ್ಲೇ. ಆ ತುದಿಯನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ, ಮೇಲೆ ಯಾರನ್ನೂ ಹತ್ತಿಸಬೇಡಿ.

ಕರೆಂಟು: ಮನೆಗೆ ಮಂಜೂರಾದ ಲೋಡು 3 ಕಿಲೋವ್ಯಾಟ್ ಇದ್ದರೆ ಒಂದು ಗೀಸರ್, ಒಂದು ಗ್ರೈಂಡರ್‌ಗೇ ಮುಗಿಯಿತು. ಅಲಂಕಾರದ ಲೈಟು, ಅಡುಗೆಮನೆ ಎರಡಕ್ಕೂ ಜನರೇಟರಿನಿಂದ ಬೇರೆ ಲೈನ್ ಎಳೆಸಿ, ಅರ್ಥಿಂಗ್ ಕೊಡಿಸಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ.

ಬಾಡಿಗೆಗೆ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ ಬರೆಸಿಕೊಳ್ಳಿ. ಯಾವ ಹಾನಿಗೆ ಎಷ್ಟು ಕಡಿತ ಅನ್ನುವುದೂ ಕರಾರಿನಲ್ಲಿರಲಿ. ಕೀಲಿ ಪಡೆಯುವ ದಿನ ಮನೆ ಮಾಲೀಕರನ್ನು ಜೊತೆಯಲ್ಲಿಟ್ಟುಕೊಂಡು ನೆಲ, ಕಂಬ, ಬಾಗಿಲ ಕೆತ್ತನೆಯ ವಿಡಿಯೋ ಮಾಡಿ, ಅಲ್ಲೇ ಅವರ ವಾಟ್ಸಾಪ್‌ಗೆ ಕಳಿಸಿಬಿಡಿ.