ಆರು ಬೋಲ್ಟ್ ಕೂಡಿದರೆ ಸಾಲದು: ವಿ-ಕ್ರಾಸ್ ಪಿಕಪ್‌ಗೆ ಹಾಕಿಸಿದ 17 ಅಂಗುಲದ ಚಕ್ರಗಳೊಂದಿಗೆ ಎರಡೂವರೆ ವರ್ಷ

ಚಕ್ರದ ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡುವ ಬ್ಯಾಲೆನ್ಸಿಂಗ್ ಯಂತ್ರದ ಪರದೆಯ ಮೇಲೆ ಎರಡೂ ಬದಿಗೆ ಸೊನ್ನೆ ಬಂದಿತ್ತು, ಅಲೈನ್‌ಮೆಂಟ್ ಸರಿಯಾಗಿತ್ತು, ಟೈರುಗಳು ಹೊಸವು. ಆದರೂ ಗಾಡಿ ಗಂಟೆಗೆ 85 ಕಿ.ಮೀ. ದಾಟಿದೊಡನೆ ಸ್ಟಿಯರಿಂಗ್ ಕೈಯಲ್ಲಿ ನಡುಗತೊಡಗುತ್ತಿತ್ತು. ಈ ಒಂದು ನಡುಕದ ಕಾರಣ ಹುಡುಕುವುದರಲ್ಲಿ ನಾನು ನಾಲ್ಕು ತಿಂಗಳನ್ನೂ ನಾಲ್ಕು ಸಲದ ಬ್ಯಾಲೆನ್ಸಿಂಗ್ ಖರ್ಚನ್ನೂ ಕಳೆದುಕೊಂಡೆ. ದೋಷವಿದ್ದದ್ದು ಟೈರಿನಲ್ಲಾಗಲಿ ಸ್ಟಿಯರಿಂಗಿನಲ್ಲಾಗಲಿ ಅಲ್ಲ, ಚಕ್ರದ ನಟ್ಟನಡುವೆ ಇರುವ ರಂಧ್ರದಲ್ಲಿ. ಅದೂ ಕೇವಲ 6 ಮಿ.ಮೀ. ವ್ಯತ್ಯಾಸ. ಪಿಕಪ್‌ಗೆ ಬದಲಿ ಚಕ್ರ ಕೊಳ್ಳುವವರು ಅಂಗುಲ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಎಷ್ಟು ಬೋಲ್ಟ್ ಎಂದು ಕೇಳುತ್ತಾರೆ. ಈ ರಂಧ್ರದ ಅಳತೆಯನ್ನು ಕೇಳಿದವರನ್ನು ನಾನು ಕಂಡಿರಲಿಲ್ಲ, ನಾನೂ ಕೇಳಿರಲಿಲ್ಲ. ಆದ್ದರಿಂದ ಈ ವಿಮರ್ಶೆಯ ಬಹುಪಾಲು ಅದಕ್ಕೇ ಮೀಸಲಾಗಿದೆ.

ನನ್ನದು 2021ರ ಇಸುಜು ವಿ-ಕ್ರಾಸ್, 255/60 ಆರ್ 18 ಟೈರುಗಳೊಂದಿಗೆ (255 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60, ಚಕ್ರ 18 ಅಂಗುಲ) ಬಂದದ್ದು. ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದಲ್ಲಿ ದಿನಕ್ಕೆ ನಾಲ್ಕಾರು ಕಿ.ಮೀ. ಕಲ್ಲು ದಾರಿ, ವಾರಕ್ಕೊಮ್ಮೆ ಹಾಸನ, ತಿಂಗಳಿಗೆರಡು ಸಲ ಚಾರ್ಮಾಡಿ ಘಾಟಿ ಇಳಿದು ಮಂಗಳೂರು, ಇದು ಅದರ ಕೆಲಸ. 2022ರ ಜುಲೈ ಮಳೆಯಲ್ಲಿ, ನೀರು ತುಂಬಿ ಕಾಣದಾಗಿದ್ದ ಗುಂಡಿಯೊಂದಕ್ಕೆ ಎಡಬದಿಯ ಎರಡೂ ಚಕ್ರಗಳು ಒಂದರ ಹಿಂದೊಂದು ಬಿದ್ದವು. ಎರಡರ ಒಳ ಅಂಚೂ ಬಿರುಕು ಬಿಟ್ಟಿತು. ಬೆಸುಗೆ ಹಾಕಿ ಕೊಡುತ್ತೇವೆ ಎಂದವರಿದ್ದರು. ಗೊಬ್ಬರದ ಚೀಲ ಹೇರಿಕೊಂಡು ಘಾಟಿ ಇಳಿಯುವ ಗಾಡಿಗೆ ಬೆಸುಗೆ ಹಾಕಿದ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಕಂಪನಿಯ ಚಕ್ರಗಳ ಬೆಲೆ ಕೇಳಿದ ಮೇಲೆ, ಅದೇ ಹಣಕ್ಕೆ ಇನ್ನಷ್ಟು ಸೇರಿಸಿದರೆ ನಾಲ್ಕೂ ಚಕ್ರಗಳನ್ನು ಹೊರಗೆ ಕೊಳ್ಳಬಹುದೆಂದು ತೋರಿತು. ಕಬ್ಬಿಣದ ಡಿಸ್ಕ್ ಚಕ್ರ ಹಾಕಿಸು, ಬಾಗಿದರೆ ಬಡಿದು ನೆಟ್ಟಗೆ ಮಾಡಬಹುದು ಎಂದು ನೆರೆಯ ತೋಟದವರು ಹೇಳಿದ ಮಾತಿನಲ್ಲಿ ಸತ್ಯವಿತ್ತು. ಆದರೆ ನನಗೆ ಬೇಕಾದ ಅಳತೆಯಲ್ಲಿ ಅದು ಸಿಗಲಿಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ 52,000 ರೂಪಾಯಿ ಕೊಟ್ಟು ಮೊದಲ ಜೊತೆಯನ್ನು ಕೊಂಡೆ: 17 ಅಂಗುಲ, 9 ಅಂಗುಲ ಅಗಲ, ಇಟಿ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಂಕಿ) ಸೊನ್ನೆ. ಆರು ಬೋಲ್ಟಿನ ಪಿಕಪ್, ಎಸ್‌ಯುವಿ ಎಲ್ಲಕ್ಕೂ ಒಂದೇ ಎಂದು ಅಂಗಡಿಯವರು ಧೈರ್ಯ ಹೇಳಿದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಅಂದರೆ ಎಲ್ಲರೂ ಪಿಸಿಡಿ ಎಂದು ಕರೆಯುವ ಅಳತೆ, ನನ್ನ ಗಾಡಿಗೂ ಟೊಯೋಟಾ ಹೈಲಕ್ಸ್, ಫಾರ್ಚುನರ್‌ಗಳಿಗೂ ಫೋರ್ಡ್ ಎಂಡೀವರ್‌ಗೂ ಮಿತ್ಸುಬಿಷಿ ಪಜೆರೋ ಸ್ಪೋರ್ಟ್‌ಗೂ ಒಂದೇ, 139.7 ಮಿ.ಮೀ.; ಅದು ಸರಿಯಾಗಿ ಐದೂವರೆ ಅಂಗುಲ. ಆದರೆ ಆ ವೃತ್ತದ ನಡುವಿನಲ್ಲಿ ಹಬ್, ಅಂದರೆ ಚಕ್ರವನ್ನು ಹೊರುವ ಗಾಡಿಯ ಭಾಗ, ತೂರುವ ರಂಧ್ರ ಟೊಯೋಟಾಗಳಲ್ಲಿ 106.1, ಇಸುಜುವಿನಲ್ಲಿ 100.1, ಎಂಡೀವರ್‌ನಲ್ಲಿ 93.1, ಪಜೆರೋ ಸ್ಪೋರ್ಟ್‌ನಲ್ಲಿ 67.1 ಮಿ.ಮೀ. ಎಂಡೀವರ್‌ನ ಚಕ್ರ ನನ್ನ ಹಬ್‌ನ ಮೇಲೆ ಕೂರುವುದೇ ಇಲ್ಲ, ಹಾಗಾಗಿ ಅದರಿಂದ ಮೋಸವಿಲ್ಲ. ಟೊಯೋಟಾದ ಅಳತೆಯದು ಸಲೀಸಾಗಿ ಕೂರುತ್ತದೆ, ಆರೂ ನಟ್‌ಗಳು ಬಿಗಿಯುತ್ತವೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನನಗೆ ಬಂದದ್ದು ಅದೇ.

ಐದನೆಯ ಸಲ ಬ್ಯಾಲೆನ್ಸಿಂಗ್‌ಗೆ ಹೋದಾಗ ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಯಂತ್ರಕ್ಕೆ ಕೈ ಹಾಕದೆ, ಜಾಕ್ ಏರಿಸಿ, ಚಕ್ರದ ನಡುವಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದರು. ಹಬ್‌ಗೂ ರಂಧ್ರದ ಅಂಚಿಗೂ ನಡುವೆ ಸಂದು ಕಾಣುತ್ತಿತ್ತು. ಮೇಲ್ಭಾಗದಲ್ಲಿ ಕಿರಿದು, ಕೆಳಭಾಗದಲ್ಲಿ ಅಗಲ. ಆಮೇಲೆ ಚಕ್ರ ಬಿಚ್ಚಿ ವರ್ನಿಯರ್ ಇಟ್ಟು ಎರಡನ್ನೂ ಅಳೆದರು. "ಸಾರ್, ಯಂತ್ರ ಸುಳ್ಳು ಹೇಳ್ತಿಲ್ಲ. ಅದರ ಮೇಲೆ ಚಕ್ರ ಕೂತಿರೋ ಹಾಗೆ ಗಾಡಿ ಮೇಲೆ ಕೂತಿಲ್ಲ" ಎಂದರು. ಈ ಮಾತಿನಲ್ಲಿ ಇಡೀ ಒಗಟು ಬಿಡಿಸಿಕೊಂಡಿತು. ಬ್ಯಾಲೆನ್ಸಿಂಗ್ ಯಂತ್ರ ನಡುವಿನ ರಂಧ್ರಕ್ಕೆ ಶಂಕುವಿನಾಕಾರದ ಕೋನ್ ತೂರಿಸಿ ಚಕ್ರವನ್ನು ಹಿಡಿಯುತ್ತದೆ, ಆದ್ದರಿಂದ ಅಲ್ಲಿ ಚಕ್ರ ಯಾವಾಗಲೂ ನಡುವಿನಲ್ಲೇ ತಿರುಗುತ್ತದೆ. ಗಾಡಿಯ ಮೇಲೆ, ರಂಧ್ರ ದೊಡ್ಡದಾದರೆ, ಚಕ್ರವನ್ನು ನಡುವಿಗೆ ತರುವ ಹೊಣೆ ಪೂರ್ತಿ ನಟ್‌ಗಳ ಓರೆ ಬಾಯಿಯದಾಗುತ್ತದೆ. ಚಕ್ರ ನೆಲ ಬಿಟ್ಟಿರುವಾಗಲೇ, ಎದುರುಬದಿರು ಕ್ರಮದಲ್ಲಿ, ಮೊದಲು ಕೈಯಿಂದ ತಿರುಗಿಸಿ, ಸ್ವಲ್ಪ ಸ್ವಲ್ಪವಾಗಿ ಬಿಗಿದರೆ ನಟ್‌ಗಳು ಆ ಕೆಲಸವನ್ನು ಮಾಡಬಲ್ಲವು. ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ ಹಿಡಿದು ಒಂದನ್ನು ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋಗುವವರ ಕೈಯಲ್ಲಿ ಅದು ಆಗುವುದಿಲ್ಲ; ಚಕ್ರ ಒಂದು ಮಿ.ಮೀ.ಗೂ ಕಡಿಮೆ ಸರಿದು ಕೂತರೂ ವೇಗದಲ್ಲಿ ನಡುಕ ಬರುತ್ತದೆ.

ಅವರ ಸಲಹೆಯಂತೆ ಲೇತ್ ಅಂಗಡಿಯಲ್ಲಿ ಹೊರಗೆ 106.1, ಒಳಗೆ 100.1 ಇರುವ ನಾಲ್ಕು ಅಲ್ಯೂಮಿನಿಯಂ ಉಂಗುರಗಳನ್ನು ಮಾಡಿಸಿದೆ. ಪ್ಲಾಸ್ಟಿಕ್ಕಿನವು ಸಿದ್ಧವಾಗಿಯೇ ಸಿಗುತ್ತವೆ, ಆದರೆ ಘಾಟಿ ಇಳಿಯುವಾಗ ಬ್ರೇಕ್ ಕಾಯುವ ಬಿಸಿಗೆ ಅವು ತಾಳುವ ನಂಬಿಕೆ ನನಗಿರಲಿಲ್ಲ. ಉಂಗುರ ಕೂರಿಸಿದ ದಿನವೇ ಬೇಲೂರು ದಾಟಿ ಗಂಟೆಗೆ 100 ಕಿ.ಮೀ. ಮುಟ್ಟಿ ನೋಡಿದೆ, ನಡುಕ ಇರಲಿಲ್ಲ. ನಾಲ್ಕು ತಿಂಗಳ ಕಿರಿಕಿರಿ 1,200 ರೂಪಾಯಿಯ ನಾಲ್ಕು ಉಂಗುರಗಳಿಂದ ನೀಗಿದ್ದನ್ನು ಕಂಡು ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಚಕ್ರ ಮಾರುವವರಿಗೆ ಈ ಒಂದು ಅಂಕಿಯನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು.

ನಡುಕ ಹೋದರೂ ಆ ಜೊತೆ ಉಳಿಯಲಿಲ್ಲ. ಇಟಿ ಎಂದರೆ ಚಕ್ರ ಹಬ್‌ಗೆ ಕೂರುವ ಮುಖ ಚಕ್ರದ ಮಧ್ಯರೇಖೆಯಿಂದ ಎಷ್ಟು ಮಿ.ಮೀ. ಆಚೆಗಿದೆ ಎಂಬ ಲೆಕ್ಕ; ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ. ಮೂಲ ಚಕ್ರದ್ದು 30ಕ್ಕಿಂತ ಮೇಲಿತ್ತು, ಇದರದ್ದು ಸೊನ್ನೆ, ಅಗಲವೂ ಹೆಚ್ಚು. ಹೊರ ಅಂಚು ಮೊದಲಿಗಿಂತ ಸುಮಾರು 5 ಸೆಂ.ಮೀ. ಹೊರಬಂದಿತ್ತು. ಮಡ್‌ಗಾರ್ಡಿನ ರಕ್ಷೆ ದಾಟಿದ ಟೈರು ತೋಟದ ಕೆಂಪು ಕೆಸರನ್ನು ಬಾಗಿಲ ಹಿಡಿಕೆಯವರೆಗೂ ಎರಚುತ್ತಿತ್ತು. ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತಿತ್ತು, ಏಕೆಂದರೆ ಚಕ್ರ ತಿರುಗುವ ಅಕ್ಷಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ ಬದಲಾಗಿತ್ತು. ಹೊರೆ ಬೇರಿಂಗಿನಿಂದ ದೂರ ಸರಿದಷ್ಟೂ ಬೇರಿಂಗ್ ಬೇಗ ಸವೆಯುತ್ತದೆ ಎಂಬುದೂ ಚಿಂತೆಯಾಗಿತ್ತು. ಎಂಟು ತಿಂಗಳ ನಂತರ ಅದನ್ನು ಉಂಗುರಗಳ ಸಮೇತ 20,000ಕ್ಕೆ ಮಾರಿದೆ. ಕೊಂಡವರಿಗೆ ಎಲ್ಲವನ್ನೂ ಹೇಳಿಯೇ ಮಾರಿದೆ.

ಈಗ ಇರುವ ಜೊತೆ 2023ರ ಏಪ್ರಿಲ್‌ನಲ್ಲಿ 68,000 ರೂಪಾಯಿಗೆ ಬಂದದ್ದು: 17 ಅಂಗುಲ, ಏಳೂವರೆ ಅಂಗುಲ ಅಗಲ, ಇಟಿ 30, ನಡುವಿನ ರಂಧ್ರ 100.1. ಇದುವರೆಗೆ 48,000 ಕಿ.ಮೀ. ಓಡಿದೆ. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ. ಇದೇ ವಿನ್ಯಾಸ ಬೇರೆ ಬೇರೆ ರಂಧ್ರದ ಅಳತೆಗಳಲ್ಲಿ ಮಾರಾಟವಾಗುತ್ತದೆ, ಹೆಸರು ಕೇಳಿ ಕೊಂಡವರಿಗೆ ಮತ್ತೆ ಅದೇ ತೊಂದರೆ ಆಗಬಹುದು. ಟೈರು 255/65 ಆರ್ 17. ಈ ಅಳತೆ ಆರಿಸಿದ್ದಕ್ಕೆ ಕಾರಣವಿದೆ. ಹಳೆಯ 255/60 ಆರ್ 18ರ ಒಟ್ಟು ವ್ಯಾಸ 763.2 ಮಿ.ಮೀ., ಇದರದ್ದು 763.3. ಸ್ಪೀಡೋಮೀಟರ್ ಬದಲಾಗುವುದಿಲ್ಲ, ಗೇರಿನ ಎಳೆತ ಬದಲಾಗುವುದಿಲ್ಲ, ಆದರೆ ಟೈರಿನ ಪಕ್ಕದ ಗೋಡೆ ಸುಮಾರು 13 ಮಿ.ಮೀ. ಎತ್ತರವಾಗುತ್ತದೆ. ನಮ್ಮ ಕಲ್ಲು ದಾರಿಯಲ್ಲಿ ಆ 13 ಮಿ.ಮೀ. ರಬ್ಬರು ಮತ್ತು ಗಾಳಿ ಚಕ್ರದ ಅಂಚನ್ನು ಕಾಯುತ್ತದೆ. ಹೊರೆಯ ಅಂಕಿಯನ್ನೂ ಈ ಸಲ ಬಿಡಲಿಲ್ಲ: ಹೆಚ್ಚು ಭಾರ ಹೊರುವ ಆಕ್ಸಲ್‌ನ ಅನುಮತಿಸಿದ ತೂಕದ ಅರ್ಧಕ್ಕಿಂತ ಒಂದೊಂದು ಚಕ್ರದ ಸಾಮರ್ಥ್ಯ ಮೇಲಿರಬೇಕು. ನನ್ನವುಗಳ ಹಿಂಬದಿಯಲ್ಲಿ 1,000 ಕೆ.ಜಿ. ಎಂದು ಎರಕದಲ್ಲೇ ಇದೆ, ಜೊತೆಗೆ ಜೆಡಬ್ಲ್ಯುಎಲ್-ಟಿ ಎಂಬ ಗುರುತೂ ಇದೆ. ಬರೀ ಜೆಡಬ್ಲ್ಯುಎಲ್ ಎಂದರೆ ಕಾರಿನ ಚಕ್ರಕ್ಕೆ ಜಪಾನಿನ ಮಾನದಂಡ. ಕೊನೆಯ ಟಿ ಟ್ರಕ್ಕು, ಬಸ್ಸುಗಳ ಚಕ್ರದ್ದು. ಭಾರ ಹೇರುವ ಪಿಕಪ್‌ಗೆ ಆ ಒಂದಕ್ಷರವನ್ನು ನಾನು ಹುಡುಕಿಯೇ ಕೊಳ್ಳುತ್ತೇನೆ.

ಈ ಚಕ್ರಗಳು ನನಗೆ ನಿರೀಕ್ಷಿಸದ ಒಂದು ಸಂತೋಷ ಕೊಟ್ಟಿರುವುದು ಸಂಜೆಯ ಹೊತ್ತಿನಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದಿಂದ ಬಂದ ಮೇಲೆ ಕಣದ ಬದಿಯ ನಲ್ಲಿಗೆ ಪೈಪ್ ಸಿಕ್ಕಿಸಿ ನಾಲ್ಕೂ ಚಕ್ರಗಳ ಒಳಮೈ ತೊಳೆಯುವುದು ನನ್ನ ರೂಢಿ. ಒಳಗೆ ಅಂಟಿದ ಕೆಸರು ರಾತ್ರಿ ಒಣಗಿ ಒಂದು ಬದಿಗೆ ಗಟ್ಟಿಯಾದರೆ ಮರುದಿನ ಟಾರು ರಸ್ತೆಯಲ್ಲಿ ಚಕ್ರ ತೂಕ ತಪ್ಪಿ ಅದುರುತ್ತದೆ. ಮೊದಲ ಜೊತೆಯ ಚಕ್ರಗಳ ಕಡ್ಡಿಗಳು ಇಕ್ಕಟ್ಟಾಗಿದ್ದವು, ಕೈ ತೂರುತ್ತಿರಲಿಲ್ಲ. ಇದರಲ್ಲಿ ಆರೇ ಅಗಲವಾದ ಕಡ್ಡಿಗಳು, ನಡುವೆ ಮೊಣಕೈವರೆಗೂ ಕೈ ಹೋಗುತ್ತದೆ. ಅಡಿಕೆ ಹಾಳೆಯ ತುಂಡೊಂದನ್ನು ಅಂಗೈಯಗಲ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದು ಒದ್ದೆಯಾದಾಗ ಮೆತ್ತಗಾಗಿ ಚಕ್ರದ ದುಂಡಿಗೆ ತಕ್ಕಂತೆ ಬಾಗುತ್ತದೆ, ಬಣ್ಣ ಕೆರೆಯುವುದಿಲ್ಲ, ಅಂಟಿಸಿದ ಸೀಸದ ತೂಕಗಳನ್ನು ಕೀಳುವುದಿಲ್ಲ. ಒಂದೊಂದು ಚಕ್ರಕ್ಕೆ ಎರಡು ನಿಮಿಷ. ಕೆಂಪು ನೀರು ತಿಳಿಯಾಗುವವರೆಗೂ ಬಿಡುತ್ತೇನೆ, ಆಮೇಲೆ ಬೆರಳಿನಿಂದ ಒಳ ಅಂಚನ್ನು ಸುತ್ತ ಸವರಿ ಹೊಸ ತಗ್ಗು ಇದೆಯೇ ನೋಡುತ್ತೇನೆ. ತಿಂಗಳ ಮೊದಲ ಭಾನುವಾರ ಟಾರ್ಕ್ ಪಾನವನ್ನು (ಬಿಗಿ ಅಳೆಯುವ ಸ್ಪ್ಯಾನರ್) ಕೈಪಿಡಿಯ ಅಂಕಿಗೆ ಇಟ್ಟು ಇಪ್ಪತ್ನಾಲ್ಕು ನಟ್‌ಗಳನ್ನೂ ಪರೀಕ್ಷಿಸುವುದುಂಟು. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡುವುದು ಕಡ್ಡಾಯ. ಮಳೆಗಾಲಕ್ಕೆ ಮುಂಚೆ ಹಬ್‌ನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿಸುತ್ತೇನೆ, ಇಲ್ಲವಾದರೆ ಕಬ್ಬಿಣಕ್ಕೆ ಅಲ್ಯೂಮಿನಿಯಂ ಕಚ್ಚಿಕೊಂಡು ಚಕ್ರ ಬಿಚ್ಚುವುದೇ ಕಷ್ಟವಾಗುತ್ತದೆ. ನಟ್ ಬಿಗಿಯುವ ಸ್ಟಡ್‌ಗಳಿಗೆ ಮಾತ್ರ ಗ್ರೀಸ್ ತಾಗಿಸಬಾರದು.

ಇಷ್ಟು ಮೆಚ್ಚಿದ ಚಕ್ರದಲ್ಲೂ ಒಂದು ದೊಡ್ಡ ದೋಷವಿದೆ. ನಟ್ ಕೂರುವ ಬಾವಿಗಳು ತೀರ ಕಿರಿದು. ಗಾಡಿಯೊಂದಿಗೆ ಬಂದ ವೀಲ್ ಪಾನದ ಬಾಯಿ ದಪ್ಪವಾದ್ದರಿಂದ ಒಳಗೆ ಇಳಿಯುವುದೇ ಇಲ್ಲ. ಅಂಗಡಿಯಲ್ಲಿ ಅವರದೇ ತೆಳು ಸಾಕೆಟ್ಟಿನಿಂದ ಬಿಗಿದಿದ್ದರು, ನನಗೆ ಹೇಳಿರಲಿಲ್ಲ. ಮೊದಲ ಮಳೆಗಾಲದಲ್ಲಿ ಒಂದು ರಾತ್ರಿ ಕೊಟ್ಟಿಗೆಹಾರದ ಹತ್ತಿರ ಪಂಕ್ಚರ್ ಆದಾಗ ಈ ಸಂಗತಿ ತಿಳಿಯಿತು. ಪಂಕ್ಚರ್ ಅಂಗಡಿಯವರ ಪ್ಲಸ್ ಪಾನವೂ ಹಿಡಿಯಲಿಲ್ಲ. ನಾನೂ ನನ್ನ ಹೆಂಡತಿಯೂ ಗಾಳಿಮಳೆಯಲ್ಲಿ ಒಂದೂವರೆ ಗಂಟೆ ಕಾದ ಮೇಲೆ ಅವಳ ತಮ್ಮ ಮೂಡಿಗೆರೆಯಿಂದ ತೆಳು ಗೋಡೆಯ ಸಾಕೆಟ್ ತಂದುಕೊಟ್ಟ. "ಭಾವ, ಚಕ್ರ ಹಾಕಿಸಿದ ದಿನಾನೇ ಮನೇಲಿ ಒಂದ್ಸಲ ಬಿಚ್ಚಿ ನೋಡಬೇಕಿತ್ತು" ಎಂದ. ಅದು ಸರಿಯಾದ ಮಾತು, ಚಕ್ರ ಬದಲಿಸುವ ಪ್ರತಿಯೊಬ್ಬರೂ ಅದನ್ನು ಮಾಡಬೇಕು. ಅಂದಿನಿಂದ ಆ ಸಾಕೆಟ್ ಗಾಡಿ ಬಿಟ್ಟು ಇಳಿದಿಲ್ಲ. ನಡುವಿನ ಮುಚ್ಚಳಗಳಲ್ಲಿ ಎರಡು ಕಳೆದುಹೋಗಿವೆ, ಅಂಚಿನ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿದೆ. ತೋಟದ ಗಾಡಿಗೆ ಅವು ಲೆಕ್ಕಕ್ಕಿಲ್ಲ.

ಐದನೆಯ ಚಕ್ರ ಕೊಳ್ಳದೆ ಉಳಿಸಿದ ಹಣದ ಬಗ್ಗೆಯೂ ಹೇಳಬೇಕು. ಒಟ್ಟು ವ್ಯಾಸ ಒಂದೇ ಆದ್ದರಿಂದ ಹಳೆಯ 18 ಅಂಗುಲದ, ಏಟು ಬೀಳದ ಚಕ್ರವೇ ನನ್ನ ಸ್ಟೆಪ್ನಿ. ನಾಲ್ಕೂ ಚಕ್ರಕ್ಕೆ ಬಲ ಹರಿಯುವ ಗಾಡಿಯಲ್ಲಿ ವ್ಯಾಸ ಬೇರೆಯಾದ ಸ್ಟೆಪ್ನಿ ಹಾಕಿ 4×4 ಜೋಡಿಸಿದರೆ ಗೇರುಗಳಿಗೆ ಏಟು, ಆ ಭಯ ಇಲ್ಲಿಲ್ಲ. ಹಳೆಯ ಚಕ್ರದ ಆರು ಮೂಲ ನಟ್‌ಗಳನ್ನು ಬಟ್ಟೆಯ ಚೀಲದಲ್ಲಿ ಸೀಟಿನಡಿ ಇಟ್ಟಿದ್ದೇನೆ. ಕೆಲವು ಮೂಲ ಚಕ್ರಗಳಿಗೆ ಚಪ್ಪಟೆ ವಾಷರಿನ ನಟ್ ಬೇಕು, ಮಾರುಕಟ್ಟೆಯ ಅಲಾಯ್‌ಗಳಿಗೆ ಹೆಚ್ಚಾಗಿ ಓರೆ ಬಾಯಿಯದು. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿ ನಿಲ್ಲುವುದಿಲ್ಲ, ಚಕ್ರ ಕಳಚುವ ಅಪಾಯವೂ ಇದೆ.

ಬರುವ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಟೈರುಗಳನ್ನು ಬದಲಿಸುತ್ತೇನೆ. ಆಗ ಚಕ್ರಗಳ ಒಳಭಾಗವನ್ನು ಹಗಲು ಬೆಳಕಿನಲ್ಲಿ ಪೂರ್ತಿ ನೋಡಲು ಸಿಗುತ್ತದೆ. ಹಿಂಬದಿಯ ಎಡ ಚಕ್ರದ ಒಳ ಅಂಚಿನಲ್ಲಿ ಬೆರಳಿಗೆ ಸಣ್ಣದೊಂದು ಬಾಗು ಸಿಗುತ್ತಿದೆ. ಅದು ಬಿರುಕೆಂದು ಕಂಡರೆ ಅದೇ ಅಳತೆಯ ಇನ್ನೊಂದನ್ನು ತರಿಸುತ್ತೇನೆ, ಬಂದದ್ದನ್ನು ಹಾಕಿಸುವ ಮುಂಚೆ ವರ್ನಿಯರ್ ಇಟ್ಟು ರಂಧ್ರ ಅಳೆಯುತ್ತೇನೆ.